ಮಾಯಬಾರದ ಗಾಯ

ಆಪರೇಷನ್ ಮಾಡಿದ ಯಾವ ವೈದ್ಯರಾದರೂ ಗಾಯ ಬೇಗ ಮಾಯಲಿ ಎಂದೇ ಬಯಸುತ್ತಾರೆ. ಗ್ಲಾಕೋಮಾ ಶಸ್ತ್ರಚಿಕಿತ್ಸಕರ ಆಸೆ ಮಾತ್ರ ಇದಕ್ಕೆ ತದ್ವಿರುದ್ಧ. ಕಣ್ಣಿನ ಬಿಳಿಗುಡ್ಡೆಯಲ್ಲಿ ತಾವು ಮಾಡಿದ ಪುಟ್ಟ ದಾರಿ ಪೂರ್ತಿ ಮಾಯದೆ ಹತ್ತಾರು ವರ್ಷ ತೆರೆದೇ ಇರಲಿ ಎಂಬುದು ಅವರ ಬಯಕೆ. ದೇಹಕ್ಕೆ ಇದು ಅರ್ಥವಾಗುವುದಿಲ್ಲ. ಗಾಯ ಕಂಡರೆ ಮುಚ್ಚುವುದಷ್ಟೇ ಅದಕ್ಕೆ ಗೊತ್ತು. ಆಪರೇಷನ್ ನಂತರ ಎದುರಾಗುವ ತೊಡಕುಗಳಲ್ಲಿ ಬಹುಪಾಲು ಹುಟ್ಟುವುದು ಈ ಜಗ್ಗಾಟದಿಂದಲೇ. ದಾರಿ ತೀರಾ ತೆರೆದುಕೊಂಡರೆ ಒಂದು ಬಗೆಯ ಕಷ್ಟ, ಮುಚ್ಚಿಕೊಂಡರೆ ಇನ್ನೊಂದು ಬಗೆಯದು.

ನಮ್ಮಲ್ಲಿ ಕಣ್ಣಿನ ಆಪರೇಷನ್ ಎಂದರೆ ಜನರ ಮನಸ್ಸಿಗೆ ಬರುವುದು ಪೊರೆ ತೆಗೆಸುವುದು. ಪಟ್ಟಿ ಬಿಚ್ಚಿದ ಮಾರನೆಯ ದಿನವೇ ಮೊಮ್ಮಗನ ಮುಖ ಸ್ಪಷ್ಟವಾಗಿ ಕಾಣುತ್ತದೆ, ತಿಂಗಳೊಪ್ಪತ್ತು ಡ್ರಾಪ್ಸ್ ಹಾಕಿಕೊಂಡರೆ ಮುಗಿಯಿತು. ಅದೇ ನಿರೀಕ್ಷೆ ಇಟ್ಟುಕೊಂಡು ಗ್ಲಾಕೋಮಾ ಆಪರೇಷನ್ನಿಗೆ ಹೋದವರಿಗೆ ನಿರಾಸೆ ಕಾದಿರುತ್ತದೆ. ಕಣ್ಣಿನ ನರ ಕಳೆದುಕೊಂಡ ದೃಷ್ಟಿ ಮರಳುವುದಿಲ್ಲ. ಉಳಿದಿರುವುದನ್ನು ಕಾಪಾಡುವುದಷ್ಟೇ ಈ ಆಪರೇಷನ್ನಿನ ಕೆಲಸ. ಮೇಲಾಗಿ ಮೊದಲ ಕೆಲವು ವಾರ ದೃಷ್ಟಿ ಮೊದಲಿಗಿಂತ ಮಂಜಾಗುವುದು ಸಾಮಾನ್ಯ. ಹೊಲಿಗೆಯ ಎಳೆತಕ್ಕೆ ಕಾರ್ನಿಯಾದ ಆಕಾರ ಬದಲಾಗುವುದರಿಂದ ಹಳೆಯ ಕನ್ನಡಕವೂ ಹೊಂದುವುದಿಲ್ಲ. "ಚೆನ್ನಾಗಿದ್ದ ಕಣ್ಣನ್ನೂ ಕೆಡಿಸಿದರು" ಎಂಬ ಮಾತು ಹುಟ್ಟುವುದು ಇಲ್ಲಿಂದ. ಆ ಮಾತು ಹುಟ್ಟಿದ ಮನೆಯಲ್ಲಿ ಮುಂದಿನ ಚೆಕಪ್ಪುಗಳು ತಪ್ಪಲು ಶುರುವಾಗುತ್ತವೆ. ಹಾಗಾಗಿ ಮೊದಲ ತೊಡಕು ಕಣ್ಣಿನಲ್ಲಿ ಅಲ್ಲ, ಆಪರೇಷನ್ನಿಗೆ ಮುಂಚೆ ನಡೆಯಬೇಕಿದ್ದ ಮಾತುಕತೆಯಲ್ಲಿ ಹುಟ್ಟುತ್ತದೆ ಎಂದೇ ನನಗೆ ಅನ್ನಿಸುತ್ತದೆ.

ಕಣ್ಣಿನೊಳಗೆ ನಿಮಿಷಕ್ಕೆ ಸುಮಾರು 2ರಿಂದ 2.5 ಮೈಕ್ರೋಲೀಟರಿನಷ್ಟು ತಿಳಿನೀರು ಒಸರುತ್ತಲೇ ಇರುತ್ತದೆ. ಇದಕ್ಕೂ ಕಣ್ಣೀರಿಗೂ ಸಂಬಂಧವಿಲ್ಲ. ಒಳಗೇ ಹುಟ್ಟಿ, ಕಾರ್ನಿಯಾ ಮತ್ತು ಪಾಪೆಯ ಸುತ್ತಲಿನ ಬಣ್ಣದ ಪರದೆ (ಐರಿಸ್) ಕೂಡುವ ಮೂಲೆಯಲ್ಲಿರುವ ಸೂಕ್ಷ್ಮ ಜಾಲರಿಯ ಮೂಲಕ ರಕ್ತಕ್ಕೆ ಸೇರುವ ದ್ರವ ಇದು. ಜಾಲರಿ ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ ಕಣ್ಣಿನ ನರ ಹಾಳಾಗುತ್ತದೆ. ಗ್ಲಾಕೋಮಾದಲ್ಲಿ ಹೆಚ್ಚಾಗಿ ಆಗುವುದು ಇದೇ. ಸಾಮಾನ್ಯ ಒತ್ತಡ 10ರಿಂದ 21 ಎಂ.ಎಂ. ಪಾದರಸ. ಡ್ರಾಪ್ಸಿನಿಂದಲೂ ಲೇಸರಿನಿಂದಲೂ ಒತ್ತಡ ಬಗ್ಗದಿದ್ದಾಗ ನೀರಿಗೆ ಬೇರೆ ದಾರಿ ಮಾಡಬೇಕಾಗುತ್ತದೆ. ಕೆರೆಗೆ ತೂಬು ಇಟ್ಟ ಹಾಗೆ. ತೂಬು ಸಡಿಲವಾದರೆ ಕೆರೆ ಬರಿದು, ಹೂಳು ತುಂಬಿದರೆ ಏರಿಗೇ ಅಪಾಯ.

ಈ ತೂಬಿನ ಚರಿತ್ರೆಯಲ್ಲಿ ನಮ್ಮ ಪಕ್ಕದ ಮದರಾಸಿಗೆ ದೊಡ್ಡ ಸ್ಥಾನವಿದೆ. 1819ರಲ್ಲಿ ಸ್ಥಾಪನೆಯಾದ ಅಲ್ಲಿನ ಸರ್ಕಾರಿ ಕಣ್ಣಾಸ್ಪತ್ರೆಯ ಮುಖ್ಯಸ್ಥರಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್ 1909ರಲ್ಲಿ ಒಂದು ವಿಧಾನ ಪ್ರಕಟಿಸಿದರು. ದುಂಡನೆಯ ಪುಟ್ಟ ಕೊರೆಯುಳಿಯಿಂದ ಕಾರ್ನಿಯಾದ ಅಂಚಿನಲ್ಲಿ ತೂತು ತೆಗೆದು, ಮೇಲೆ ತೆಳುಪದರವನ್ನು ಹೊದಿಸಿಬಿಡುವುದು. ಜಗತ್ತಿನ ನಾನಾ ಕಡೆ ಅದು ದಶಕಗಳ ಕಾಲ ನಡೆಯಿತು. ಒತ್ತಡವೇನೋ ಇಳಿಯುತ್ತಿತ್ತು, ಆದರೆ ಹರಿವಿಗೆ ತಡೆಯೇ ಇರಲಿಲ್ಲ. ನೀರು ಅತಿಯಾಗಿ ಹೋಗಿ ಕಣ್ಣು ಕುಸಿಯುವುದು, ವರ್ಷಗಳ ನಂತರ ಆ ತೂತಿನ ಮೂಲಕ ಸೋಂಕು ಒಳನುಗ್ಗುವುದು ಅದರ ಜೊತೆಗೇ ಬಂದವು.

1968ರಲ್ಲಿ ಕೇಂಬ್ರಿಜ್‌ನ ಜೆ. ಇ. ಕೇರ್ನ್ಸ್ ತೂತಿನ ಮೇಲೆ ಬಿಳಿಗುಡ್ಡೆಯದೇ ಅರ್ಧ ದಪ್ಪದ ಒಂದು ಮುಚ್ಚಳ ಕೂರಿಸಿ ಹೊಲಿಯುವ ಕ್ರಮ ವಿವರಿಸಿದರು. ಇಂದಿಗೂ ಹೆಚ್ಚು ನಡೆಯುವ ಟ್ರಾಬೆಕ್ಯುಲೆಕ್ಟಮಿ ಇದೇ. ನೀರು ಕಣ್ಣಿನದೇ ಸಹಜ ಕಾಲುವೆಯ ಕತ್ತರಿಸಿದ ತುದಿಗಳಿಗೆ ಹರಿಯುತ್ತದೆ ಎಂಬುದು ಕೇರ್ನ್ಸ್ ಅವರ ಲೆಕ್ಕ. ನಿಜದಲ್ಲಿ ಅದು ಮುಚ್ಚಳದ ಅಂಚಿನಿಂದ ಜಿನುಗಿ, ಮೇಲ್ರೆಪ್ಪೆಯ ಅಡಿಯಲ್ಲಿ ಸಣ್ಣ ಗುಳ್ಳೆಯಾಗಿ ನಿಂತು, ಅಲ್ಲಿಂದ ಇಂಗಿ ಹೋಗುತ್ತಿತ್ತು. ಕಂಡುಹಿಡಿದವರು ಎಣಿಸಿದ ಕಾರಣಕ್ಕಲ್ಲದೆ ಬೇರೊಂದು ಕಾರಣಕ್ಕೆ ಗೆದ್ದ ಚಿಕಿತ್ಸೆಗಳು ವೈದ್ಯಕೀಯದಲ್ಲಿ ಕಡಿಮೆಯೇನಿಲ್ಲ. ವೈದ್ಯರು ಬ್ಲೆಬ್ ಎಂದು ಕರೆಯುವ ಆ ಗುಳ್ಳೆಯೇ ಇನ್ನು ಮುಂದೆ ರೋಗಿಯ ಆಸ್ತಿ. ಕನ್ನಡಿಯ ಮುಂದೆ ನಿಂತು ಕೆಳಗೆ ನೋಡುತ್ತಾ ರೆಪ್ಪೆ ಎತ್ತಿದರೆ ಕೆಲವರಿಗೆ ಅದು ಕಾಣುವುದೂ ಉಂಟು. ಗಾಬರಿ ಬೇಡ, ಹಿಸುಕಿ ನೋಡುವುದಂತೂ ಬೇಡವೇ ಬೇಡ.

ತೊಡಕುಗಳು ಎಷ್ಟು ಸಾಮಾನ್ಯ? ಬ್ರಿಟನ್ನಿನಲ್ಲಿ 1,240 ಟ್ರಾಬೆಕ್ಯುಲೆಕ್ಟಮಿಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಶೇ 46.6ರಷ್ಟು ಮಂದಿಗೆ ಆರಂಭದಲ್ಲೇ ಏನಾದರೊಂದು ತೊಡಕು ಬಂದಿತ್ತು. ಅರ್ಧಕ್ಕರ್ಧ ಎಂದು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಅದರಲ್ಲಿ ಹೆಚ್ಚಿನವು ಕಣ್ಣೊಳಗೆ ಸ್ವಲ್ಪ ರಕ್ತ ಜಿನುಗುವುದು, ಒತ್ತಡ ತಾತ್ಕಾಲಿಕವಾಗಿ ಕುಸಿಯುವುದು, ಕಣ್ಣಿನ ಮುಂಕೋಣೆ ಬತ್ತಿದಂತಾಗುವುದು. ಸರಿಯಾಗಿ ನೋಡಿಕೊಂಡರೆ ಬಹುತೇಕ ತಾವಾಗಿಯೇ ಅಥವಾ ಸಣ್ಣ ಚಿಕಿತ್ಸೆಯಿಂದ ಸರಿಹೋಗುವಂಥವು. ನನಗೆ ಕೇಳಿದರೆ ಇವುಗಳಲ್ಲಿ ಅರ್ಧದಷ್ಟನ್ನು ತೊಡಕು ಎನ್ನುವುದಕ್ಕಿಂತ ಹದ ಹಾಕುವ ಕೆಲಸ ಎನ್ನುವುದೇ ಸರಿ. ಆ ಹದ ಆಪರೇಷನ್ ಥಿಯೇಟರಿನಲ್ಲಿ ಮುಗಿಯುವುದಿಲ್ಲ, ಹೊರರೋಗಿ ವಿಭಾಗದ ಬೆಂಚಿನ ಮೇಲೆ ಕಾದು ಕುಳಿತ ದಿನಗಳಲ್ಲಿ ಮುಂದುವರಿಯುತ್ತದೆ.

ಮೊದಲ ಕೆಲವು ದಿನಗಳ ಭಯ ನೀರು ಅತಿಯಾಗಿ ಹೋಗುವುದು. ಒತ್ತಡ 5ಕ್ಕಿಂತ ಕೆಳಗಿಳಿದರೆ ಕಣ್ಣುಗುಡ್ಡೆ ತನ್ನ ಬಿಗಿ ಕಳೆದುಕೊಳ್ಳುತ್ತದೆ. ರೆಟಿನಾದ ನಡುಭಾಗ ಸುಕ್ಕುಗಟ್ಟಿ ಅಕ್ಷರಗಳು ಡೊಂಕಾಗಿ ಕಾಣಬಹುದು. ರೆಟಿನಾದ ಹಿಂದಿನ ರಕ್ತನಾಳಗಳ ಪದರದ ಆಚೆ ನೀರು ತುಂಬಿ ಆ ಪದರವೇ ಉಬ್ಬಬಹುದು. ಹೊಲಿಗೆಯ ಬಳಿ ಸೋರಿಕೆ ಇದೆಯೇ ಎಂದು ನೋಡಲು ವೈದ್ಯರು ಕಣ್ಣಿಗೆ ಕಿತ್ತಳೆ ಬಣ್ಣದ ಫ್ಲೋರೆಸೀನ್ ಹಚ್ಚಿ ನೀಲಿ ಬೆಳಕು ಬಿಡುತ್ತಾರೆ. ಸೋರುವ ಕಡೆ ಬಣ್ಣ ಕರಗಿ ಸಣ್ಣ ಹಸಿರು ತೊರೆ ಇಳಿಯುವುದು ಕಾಣುತ್ತದೆ. ಸಣ್ಣ ಸೋರಿಕೆಗೆ ದೊಡ್ಡ ಕಾಂಟ್ಯಾಕ್ಟ್ ಲೆನ್ಸಿನ ಹೊದಿಕೆ ಹಾಕುತ್ತಾರೆ, ಸ್ಟಿರಾಯ್ಡ್ ಡ್ರಾಪ್ಸ್ ಕಡಿಮೆ ಮಾಡುತ್ತಾರೆ, ಪಾಪೆ ಹಿಗ್ಗಿಸುವ ಅಟ್ರೋಪಿನ್ ಕೊಡುತ್ತಾರೆ. ನಿಲ್ಲದಿದ್ದರೆ ಮತ್ತೆ ಹೊಲಿಗೆ. ಮುಂಕೋಣೆ ಬತ್ತಿದ್ದೂ ಒತ್ತಡ ಮಾತ್ರ ಏರುತ್ತಿದ್ದರೆ ಅದು ಬೇರೆಯೇ ಕಥೆ. ನೀರು ಮುಂದಕ್ಕೆ ಬರುವ ಬದಲು ಕಣ್ಣಿನ ಹಿಂಭಾಗದಲ್ಲಿ ಸಿಕ್ಕಿಕೊಂಡಿದೆ ಎಂದರ್ಥ. 1869ರಲ್ಲೇ ಜರ್ಮನಿಯ ಫಾನ್ ಗ್ರೇಫೆ ಗುರುತಿಸಿದ ಈ ಸ್ಥಿತಿ ಅಪರೂಪ, ಆದರೆ ತಡಮಾಡುವಂಥದ್ದಲ್ಲ.

ಈ ದಿನಗಳಲ್ಲಿ ಒಂದು ಮುಕ್ಕರಿಕೆ, ಒಂದು ಜೋರು ಕೆಮ್ಮು ಸಾಕು, ಮೆತ್ತಗಾದ ಕಣ್ಣಿನ ಹಿಂದಿನ ರಕ್ತನಾಳ ಒಡೆಯಬಹುದು. ಮಲಬದ್ಧತೆಗೆ ಔಷಧಿ ಬರೆದುಕೊಟ್ಟ ಕಣ್ಣಿನ ಡಾಕ್ಟರನ್ನು ನೋಡಿ ನಗುವವರಿದ್ದಾರೆ. ಅದರ ಹಿಂದಿರುವುದು ಈ ಭಯ. ಕೊಡಪಾನ ಎತ್ತುವುದು, ಮೂಟೆ ಹೊರುವುದು, ಬಗ್ಗಿ ಕಳೆ ಕೀಳುವುದು, ತಲೆ ನೆಲಕ್ಕಿಟ್ಟು ಸಾಷ್ಟಾಂಗ ನಮಸ್ಕಾರ ಮಾಡುವುದು, ನಮಾಜಿನಲ್ಲಿ ಹಣೆ ನೆಲಕ್ಕೆ ತಾಗಿಸುವುದು, ಎಲ್ಲದಕ್ಕೂ ವೈದ್ಯರು ಹೇಳುವವರೆಗೆ ರಜೆ. ಕುರ್ಚಿಯ ಮೇಲೆ ಕೂತು ಮಾಡಿದ ಪ್ರಾರ್ಥನೆಗೆ ದೇವರು ಬೇಸರಿಸಿಕೊಂಡ ಉದಾಹರಣೆ ಇಲ್ಲ. ತಲೆಗೆ ನೀರು ಹಾಕಿಕೊಳ್ಳುವುದು, ಎಣ್ಣೆಸ್ನಾನ ಕೂಡ ಮುಂದೂಡಬೇಕಾದವೇ. ಶೀರ್ಷಾಸನವನ್ನಂತೂ ಗ್ಲಾಕೋಮಾ ಇರುವವರು ಶಾಶ್ವತವಾಗಿ ಬಿಡುವುದು ಲೇಸು. ಆ ಭಂಗಿಯಲ್ಲಿ ಕಣ್ಣಿನ ಒತ್ತಡ ಸುಮಾರು ಎರಡು ಪಟ್ಟಾಗುವುದನ್ನು ಚೆನ್ನೈನ ಸಂಶೋಧಕರು 2006ರಲ್ಲೇ ಅಳೆದು ತೋರಿಸಿದ್ದಾರೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮೊದಲೇ ಹೇಳಿರಬೇಕು, ತಾವಾಗಿಯೇ ನಿಲ್ಲಿಸಬಾರದು.

ವಾರಗಳು ಕಳೆದಂತೆ ಭಯ ಬದಲಾಗುತ್ತದೆ. ಈಗ ಎದುರಾಳಿ ಮಾಯುವಿಕೆ. ಮುಚ್ಚಳದ ಸುತ್ತ ಗಾಯದ ನಾರು ಬೆಳೆದು ಗುಳ್ಳೆ ಚಪ್ಪಟೆಯಾಗುತ್ತದೆ, ಇಲ್ಲವೇ ಅದರ ಸುತ್ತ ದಪ್ಪ ಗೋಡೆ ಕಟ್ಟಿಕೊಳ್ಳುತ್ತದೆ. ಒತ್ತಡ ಮೆಲ್ಲಗೆ ಏರುತ್ತದೆ. ನೋವಿಲ್ಲ, ಕೆಂಪಿಲ್ಲ, ರೋಗಿಗೆ ಗೊತ್ತೇ ಆಗುವುದಿಲ್ಲ. ಅಳೆದರೆ ಮಾತ್ರ ಗೊತ್ತು. ಆರಂಭದಲ್ಲಿ ನೀರು ಅತಿಯಾಗಿ ಹೋಗದಿರಲಿ ಎಂದು ಶಸ್ತ್ರಚಿಕಿತ್ಸಕರು ಮುಚ್ಚಳವನ್ನು ಮೊದಲು ಬೇಕೆಂದೇ ಸ್ವಲ್ಪ ಬಿಗಿಯಾಗಿ ಹೊಲಿದಿರುತ್ತಾರೆ. ಆಮೇಲೆ, ಸಾಮಾನ್ಯವಾಗಿ ಮೊದಲ ಕೆಲವು ವಾರಗಳೊಳಗೆ, ಕಣ್ಣಿನ ಮೇಲೆ ಪುಟ್ಟ ಲೆನ್ಸು ಒತ್ತಿ ಹಿಡಿದು ಲೇಸರಿನಿಂದ ಒಂದೊಂದೇ ಹೊಲಿಗೆ ಕತ್ತರಿಸುತ್ತಾರೆ. ಎಳೆದು ತೆಗೆಯಬಲ್ಲ ಹೊಲಿಗೆ ಹಾಕುವವರೂ ಉಂಟು. ಯಾವ ಹೊಲಿಗೆ, ಯಾವ ದಿನ ಎಂಬುದರಲ್ಲಿ ಅನುಭವಿ ವೈದ್ಯರ ಕೈಚಳಕವಿದೆ. ಬೇಗ ಕತ್ತರಿಸಿದರೆ ನೀರು ಭೋರೆಂದು ಹೋಗುತ್ತದೆ, ತಡವಾದರೆ ನಾರು ಗಟ್ಟಿಯಾಗಿ ಕತ್ತರಿಸಿಯೂ ಪ್ರಯೋಜನವಿಲ್ಲ. ಹಬ್ಬ ಮುಗಿಸಿಕೊಂಡು ಬರೋಣ ಎಂದು ಎರಡು ವಾರ ತಡಮಾಡಿದವರು ಕಳೆದುಕೊಳ್ಳುವುದು ಈ ಅವಕಾಶವನ್ನು.

ನಾರು ಬೆಳೆಯದಂತೆ ತಡೆಯಲು ಆಪರೇಷನ್ ವೇಳೆಯಲ್ಲೇ ಮೈಟೊಮೈಸಿನ್ ಎಂಬ ಕ್ಯಾನ್ಸರ್ ಔಷಧಿಯನ್ನು ಕೆಲವು ನಿಮಿಷ ಬಿಳಿಗುಡ್ಡೆಗೆ ತಾಗಿಸಿ ತೊಳೆಯುತ್ತಾರೆ. 1980ರ ದಶಕದಲ್ಲಿ ತೈವಾನಿನಿಂದ ಬಂದ ಈ ಉಪಾಯ ಆಪರೇಷನ್ನುಗಳ ಯಶಸ್ಸನ್ನು ಹೆಚ್ಚಿಸಿತು. ಜೊತೆಗೆ ಗುಳ್ಳೆಯ ಚರ್ಮ ತೀರಾ ತೆಳುವಾಗಿ ವರ್ಷಗಳ ನಂತರ ಸೋರುವ ಹೊಸ ಸಮಸ್ಯೆಯನ್ನೂ ತಂದಿತು. ಗಾಯ ಮಾಯುವುದನ್ನು ತಡೆಯುವ ಔಷಧಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿರುವುದಿಲ್ಲ. ಗೋಡೆ ಕಟ್ಟಿಕೊಂಡ ಗುಳ್ಳೆಯನ್ನು ಸಣ್ಣ ಸೂಜಿಯಿಂದ ಬಿಡಿಸಿ, ಪಕ್ಕದಲ್ಲಿ ಮೈಟೊಮೈಸಿನ್ ಅಥವಾ ಅಂಥದ್ದೇ 5-ಎಫ್.ಯು. ಎಂಬ ಔಷಧಿ ಚುಚ್ಚುವುದೂ ಇದೆ. ಕಣ್ಣು ಮರಗಟ್ಟಿಸಿಯೇ ಮಾಡುತ್ತಾರೆ. ಸೂಜಿ ಎಂದೊಡನೆ ಆಪರೇಷನ್ ಕೆಟ್ಟುಹೋಯಿತು ಎಂದು ತಿಳಿಯಬೇಕಿಲ್ಲ.

ಮನೆಯಲ್ಲಿ ರೋಗಿಯ ಕೈಯಲ್ಲಿರುವ ಆಯುಧ ಸ್ಟಿರಾಯ್ಡ್ ಡ್ರಾಪ್ಸ್. ಮೊದಲು ಒಂದೆರಡು ಗಂಟೆಗೊಮ್ಮೆ, ಆಮೇಲೆ ಕಡಿಮೆ ಮಾಡುತ್ತಾ ಎರಡು ಮೂರು ತಿಂಗಳು. ಇಲ್ಲಿ ಆಗುವ ಎಡವಟ್ಟುಗಳು ಸಣ್ಣವು, ಪರಿಣಾಮ ದೊಡ್ಡದು. ಹಾಲಿನ ಬಣ್ಣದ ಪ್ರೆಡ್ನಿಸೊಲೋನ್ ಬಾಟಲಿಯ ತಳದಲ್ಲಿ ಔಷಧಿ ಕೂತಿರುತ್ತದೆ. ಅಲ್ಲಾಡಿಸದೆ ಹಾಕಿಕೊಂಡರೆ ಕಣ್ಣಿಗೆ ಬೀಳುವುದು ಹೆಚ್ಚುಕಡಿಮೆ ಬರಿಯ ನೀರು. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಬೇಕು, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಕೊಂಡು ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಿನ ಗೊಂದಲ ಹಳೆಯ ಗ್ಲಾಕೋಮಾ ಡ್ರಾಪ್ಸಿನದು. ಆಪರೇಷನ್ ಆದ ಕಣ್ಣಿಗೆ ಸಾಮಾನ್ಯವಾಗಿ ಅದನ್ನು ನಿಲ್ಲಿಸುತ್ತಾರೆ, ಇನ್ನೊಂದು ಕಣ್ಣಿಗೆ ಮುಂದುವರಿಸುತ್ತಾರೆ. ರೋಗಿಗೆ ಕೇಳಿಸಿದ್ದು "ಡ್ರಾಪ್ಸ್ ನಿಲ್ಲಿಸಿ" ಎಂಬುದಷ್ಟೇ. ಎರಡಕ್ಕೂ ನಿಲ್ಲಿಸಿ, ಕತ್ತಿ ತಾಗದ ಒಳ್ಳೆಯ ಕಣ್ಣಿನ ನರವನ್ನು ಸದ್ದಿಲ್ಲದೆ ಹಾಳುಮಾಡಿಕೊಂಡವರಿದ್ದಾರೆ. ಬಾಟಲಿಯ ಮೇಲೆ ಮಾರ್ಕರಿನಲ್ಲಿ ಎಡ, ಬಲ ಎಂದು ಬರೆದು ಕೊಡಲು ಫಾರ್ಮಸಿಗೆ ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷವನ್ನು ನಮ್ಮಲ್ಲಿ ಎಷ್ಟು ಕಡೆ ಕೊಡುತ್ತಾರೆ?

ಗುಳ್ಳೆ ಕೈಕೊಟ್ಟ ಕಣ್ಣುಗಳಿಗೆ, ಅಥವಾ ಗಾಯದ ನಾರು ಅತಿಯಾಗಿ ಬೆಳೆಯುವ ಕಣ್ಣುಗಳಿಗೆ, ಟ್ಯೂಬಿನ ಮೊರೆ ಹೋಗುತ್ತಾರೆ. ಕಣ್ಣೊಳಗೆ ತುದಿಯಿಟ್ಟ ಸಿಲಿಕೋನ್ ನಳಿಕೆ ನೀರನ್ನು ಹಿಂದೆ ಹೊಲಿದ ತಟ್ಟೆಯ ಬಳಿಗೆ ಒಯ್ಯುತ್ತದೆ. ಮೊದಲೇ ಪೊರೆಯ ಅಥವಾ ಗ್ಲಾಕೋಮಾದ ಆಪರೇಷನ್ ಆಗಿದ್ದ 212 ಕಣ್ಣುಗಳ ಮೇಲೆ ನಡೆದ ಪ್ರಸಿದ್ಧ ಅಧ್ಯಯನದಲ್ಲಿ ಐದು ವರ್ಷಕ್ಕೆ ಟ್ಯೂಬ್ ವಿಫಲವಾದದ್ದು ಶೇ 30ರಷ್ಟು, ಟ್ರಾಬೆಕ್ಯುಲೆಕ್ಟಮಿ ಶೇ 47ರಷ್ಟು. ಮಧುರೈನ ಅರವಿಂದ ಕಣ್ಣಾಸ್ಪತ್ರೆಯ ಸೋದರ ಸಂಸ್ಥೆ ಅರೋಲ್ಯಾಬ್ 2013ರಲ್ಲಿ ಆಮದು ಸಾಧನಗಳ ಬೆಲೆಯ ಸಣ್ಣದೊಂದು ಪಾಲಿಗೆ ತನ್ನದೇ ಟ್ಯೂಬ್ ತಂದ ಮೇಲೆ ನಮ್ಮ ಬಡ ರೋಗಿಗಳಿಗೂ ಇದು ಕೈಗೆಟುಕಿತು. ಕವಾಟವಿಲ್ಲದ ಇಂಥ ಟ್ಯೂಬನ್ನು ಕರಗುವ ದಾರದಿಂದ ಕಟ್ಟಿರುತ್ತಾರೆ. ಐದಾರು ವಾರಕ್ಕೆ ದಾರ ಕರಗಿ ದಾರಿ ಒಮ್ಮೆಲೇ ತೆರೆಯುತ್ತದೆ, ಒತ್ತಡ ಥಟ್ಟನೆ ಬೀಳಬಹುದು. ಎಲ್ಲ ಸರಿಹೋಯಿತು ಎಂದು ಊರು ಸೇರಿದ ಹೊತ್ತಿಗೆ ಬರುವ ಈ ತಿರುವನ್ನು ಮೊದಲೇ ಹೇಳಿ ಕಳಿಸಬೇಕು. ಟ್ಯೂಬಿನ ತೊಡಕುಗಳೂ ಬೇರೆ. ಮೇಲಿನ ಪದರ ಸವೆದು ಟ್ಯೂಬ್ ಹೊರಗೆ ಕಾಣಬಹುದು, ಎರಡೆರಡು ಕಾಣಿಸಬಹುದು, ಕಾರ್ನಿಯಾ ಮಸುಕಾಗಬಹುದು. ಸವೆಯದಿರಲಿ ಎಂದು ಅದರ ಮೇಲೆ ಹೊದಿಸುವ ತೇಪೆ ಅನೇಕ ಬಾರಿ ಬರುವುದು ದಾನವಾದ ಕಣ್ಣುಗಳಿಂದ. ರಾಜ್‌ಕುಮಾರ್ ಮತ್ತು ಪುನೀತ್ ಅವರ ನೇತ್ರದಾನದಿಂದ ಪ್ರೇರಿತರಾಗಿ ಹೆಸರು ಬರೆಸಿದ ಕನ್ನಡಿಗರಿಗೆ ಇದೊಂದು ಸಂಗತಿ ತಿಳಿದಿರಲಿ. ಕಾರ್ನಿಯಾ ಕಸಿಗೆ ಒದಗದ ಕಣ್ಣೂ ಇಂಥ ತೇಪೆಗೆ ಒದಗಬಹುದು.

ಪೊರೆಯ ಮಾತು ಚುಟುಕಾಗಿ. ಟ್ರಾಬೆಕ್ಯುಲೆಕ್ಟಮಿ ಆದ ಕಣ್ಣಿನಲ್ಲಿ ಪೊರೆ ಬೇಗ ಬೆಳೆಯುತ್ತದೆ. ಅಮೆರಿಕದ ದೊಡ್ಡ ಅಧ್ಯಯನವೊಂದು ಆ ಅಪಾಯ ಶೇ 78ರಷ್ಟು ಹೆಚ್ಚೆಂದು ಲೆಕ್ಕಹಾಕಿತು. ತೆಗೆಸಬಹುದು, ಆದರೆ ಅವಸರದಲ್ಲಿ ಬೇಡ. ಪೊರೆಯ ಆಪರೇಷನ್ನಿನ ಉರಿಯೂತ ಚೆನ್ನಾಗಿ ಕೆಲಸ ಮಾಡುತ್ತಿದ್ದ ಗುಳ್ಳೆಯನ್ನು ಮುಚ್ಚಿಸಬಲ್ಲದು. ಊರಿಗೆ ಬಂದ ಉಚಿತ ಶಿಬಿರದಲ್ಲಿ ಹೆಸರು ಕೊಡುವ ಮೊದಲು ಗ್ಲಾಕೋಮಾ ವೈದ್ಯರನ್ನು ಕೇಳಿ.

ಇನ್ನು ಎಲ್ಲಕ್ಕಿಂತ ಕೆಟ್ಟದ್ದು, ಸೋಂಕು. ಇದಕ್ಕೆ ಅವಧಿ ಮುಗಿಯುವುದೆಂಬುದಿಲ್ಲ. ಆಪರೇಷನ್ ಆಗಿ ಹತ್ತು, ಹದಿನೈದು ವರ್ಷವಾದ ಮೇಲೂ ಬರಬಹುದು. ಜಪಾನಿನಲ್ಲಿ 1,098 ಕಣ್ಣುಗಳನ್ನು ಐದು ವರ್ಷ ಗಮನಿಸಿದಾಗ ಸೋಂಕು ತಗುಲಿದ್ದು ಶೇ 2.2ರಷ್ಟು. ಆದರೆ ಗುಳ್ಳೆ ಎಂದಾದರೂ ಸೋರಿದ್ದ ಕಣ್ಣುಗಳಲ್ಲಿ ಅದು ಶೇ 7.9. ಸೋರಿಕೆಯನ್ನು ಹಗುರವಾಗಿ ಕಾಣಬಾರದು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಸೋಂಕು ಗುಳ್ಳೆಯಲ್ಲಷ್ಟೇ ಇದ್ದರೆ ತೀವ್ರ ಆಂಟಿಬಯಾಟಿಕ್ ಡ್ರಾಪ್ಸಿನಿಂದ ಹತೋಟಿಗೆ ಬರುತ್ತದೆ. ಕಣ್ಣೊಳಗೆ ಇಳಿದರೆ ಒಂದೆರಡು ದಿನದಲ್ಲೇ ದೃಷ್ಟಿ ಹೋಗಬಹುದು, ಕಣ್ಣೊಳಗೇ ಇಂಜೆಕ್ಷನ್ ಕೊಡಬೇಕಾಗುತ್ತದೆ.

ಇಲ್ಲಿ ನಮ್ಮ ಕಡೆಯ ಒಂದು ಅಭ್ಯಾಸ ಮಾರಕವಾಗುತ್ತದೆ. ಕಣ್ಣು ಕೆಂಪಾಗಿ ಪಿಸುರು ಕಟ್ಟಿದರೆ "ಮದ್ರಾಸ್ ಐ ಇರಬೇಕು ಬಿಡಿ" ಎನ್ನುತ್ತೇವೆ. ಬೀದಿ ತುದಿಯ ಮೆಡಿಕಲ್ಸ್‌ನಲ್ಲಿ ಕೇಳಿದರೆ ಚೀಟಿಯಿಲ್ಲದೆ ಒಂದು ಡ್ರಾಪ್ಸ್ ಕೊಡುತ್ತಾರೆ. ಅದರಲ್ಲಿ ಸ್ಟಿರಾಯ್ಡ್ ಬೆರೆತಿದ್ದರೆ ಕೆಂಪು ತಾತ್ಕಾಲಿಕವಾಗಿ ಇಳಿದು ಒಳಗಿನ ಸೋಂಕು ಬೆಳೆಯುತ್ತದೆ. ನಂದಿಬಟ್ಟಲ ರಸ, ಎದೆಹಾಲು, ಹರಳೆಣ್ಣೆ, ಜೇನು ಇವನ್ನು ಹಾಕಲು ಅಕ್ಕಪಕ್ಕದವರು ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಗುಳ್ಳೆಯಿರುವ ಕಣ್ಣಿಗೆ ಇವು ರೋಗಾಣುಗಳಿಗೆ ಕೊಟ್ಟ ಆಹ್ವಾನ. ಕೆರೆ, ಹೊಳೆ, ಈಜುಕೊಳದ ನೀರಿನಲ್ಲಿ ಮುಳುಗುವುದು, ಡಾಕ್ಟರನ್ನು ಕೇಳದೆ ಕಾಂಟ್ಯಾಕ್ಟ್ ಲೆನ್ಸ್ ಹಾಕುವುದು, ಕಣ್ಣುಜ್ಜುವುದು ಇವೂ ಅದೇ ಸಾಲಿನವು.

ಕೊನೆಗೆ ಖರ್ಚಿನ ವಿಷಯ. ಆಪರೇಷನ್ನಿಗೆ ಸರ್ಕಾರದ ಯೋಜನೆಯೋ ಟ್ರಸ್ಟೋ ದುಡ್ಡು ಕೊಡಬಹುದು. ಆಮೇಲಿನ ಭೇಟಿಗಳಿಗೆ ಕೊಡುವವರು ಯಾರು? ಮೊದಲ ತಿಂಗಳು ವಾರವಾರವೂ, ಆಮೇಲೆ ತಿಂಗಳಿಗೊಮ್ಮೆ, ಅನಂತರ ಬದುಕಿರುವವರೆಗೆ ಕೆಲವು ತಿಂಗಳಿಗೊಮ್ಮೆ ಬರಬೇಕು. ಯಾದಗಿರಿಯ ಹಳ್ಳಿಯಿಂದಲೋ ಮಲೆನಾಡಿನ ಕೊನೆಯ ಬಸ್ ಸ್ಟಾಪಿನಿಂದಲೋ ಹೊರಡುವ ಅಜ್ಜಿಗೆ ಜೊತೆಗೆ ಬರುವ ಮಗನ ಒಂದು ದಿನದ ಕೂಲಿಯೂ ಹೋಗುತ್ತದೆ. ಹೊಲಿಗೆ ಕತ್ತರಿಸುವುದು, ಗುಳ್ಳೆ ಬಿಡಿಸುವುದು, ಒತ್ತಡ ಅಳೆಯುವುದು ಆಪರೇಷನ್ನಿನದೇ ಭಾಗವಾಗಿರುವಾಗ ಯೋಜನೆಯ ಪ್ಯಾಕೇಜು ಈ ಭೇಟಿಗಳನ್ನು ಒಳಗೊಳ್ಳದಿದ್ದರೆ ಅರ್ಥವಿಲ್ಲ. ಒತ್ತಡ ಅಳೆಯುವಷ್ಟನ್ನಾದರೂ ತಾಲ್ಲೂಕು ಆಸ್ಪತ್ರೆಗಳಲ್ಲಿ ವ್ಯವಸ್ಥಿತವಾಗಿ ಮಾಡಿ, ಅನುಮಾನ ಬಂದವರನ್ನು ಮಾತ್ರ ದೊಡ್ಡ ಆಸ್ಪತ್ರೆಗೆ ಕಳಿಸುವ ಏರ್ಪಾಡು ಅಸಾಧ್ಯವೇನಲ್ಲ.

ಅದು ಆಗುವವರೆಗೆ ಮನೆಯವರು ಮಾಡಬಹುದಾದದ್ದು ಇಷ್ಟು. ಡಿಸ್ಚಾರ್ಜ್ ಚೀಟಿಯ ಫೋಟೋ ಮನೆಯ ಇಬ್ಬರ ಫೋನಿನಲ್ಲಿ ಇರಲಿ. ಯಾವ ಕಣ್ಣಿಗೆ, ಯಾವ ವರ್ಷ, ಯಾವ ಆಪರೇಷನ್ ಆಗಿದೆ ಎಂದು ಹೊಸ ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ. ಆಪರೇಷನ್ ಆದ ಕಣ್ಣು ಕೆಂಪಾದರೆ, ನೋವಾದರೆ, ಬೆಳಕು ಚುಚ್ಚಿದರೆ, ಪಿಸುರು ಬಂದರೆ, ದೃಷ್ಟಿ ಮಂಜಾದರೆ, ಇವುಗಳಲ್ಲಿ ಒಂದೇ ಒಂದು ಕಂಡರೂ, ಆಪರೇಷನ್ ಆಗಿ ಎಷ್ಟೇ ವರ್ಷವಾಗಿದ್ದರೂ, ಅದೇ ದಿನ ಕಣ್ಣಾಸ್ಪತ್ರೆಗೆ ಹೋಗಿ. ಭಾನುವಾರವಾದರೂ ಸರಿ, ಮನೆಯಲ್ಲಿ ಮದುವೆಯಿದ್ದರೂ ಸರಿ.